ತೋಳು ಉಬ್ಬಿದ ಲೆಕ್ಕ

ಗಣಿತ ಪದವಿಯ ಮೂರನೆಯ ವರ್ಷದಲ್ಲಿದ್ದ ಆ ಹುಡುಗಿಯನ್ನು ಬೀದಿಯವರೆಲ್ಲ ಸೊನ್ನೆ ಎಂದೇ ಕರೆಯುತ್ತಿದ್ದರು. ಮೂರನೇ ಕ್ಲಾಸಿನಲ್ಲಿ ಗುಣಾಕಾರದ ಪರೀಕ್ಷೆಗೆ ಬಂದ ಅಂಕವನ್ನು ಅವಳ ಅಣ್ಣ ಮೆಟ್ಟಿಲ ಮೇಲೆ ನಿಂತು ಊರಿಗೆಲ್ಲ ಸಾರಿದ್ದರ ಫಲ ಅದು. ಅವಳಿಗೇನೂ ಬೇಸರವಿರಲಿಲ್ಲ. ಸೊನ್ನೆಯಿಲ್ಲದೆ ಯಾವ ಲೆಕ್ಕ ನಡೆಯುತ್ತದೆ ಎಂದು ತಿರುಗಿ ಕೇಳುತ್ತಿದ್ದಳು.

ಮೇಲೆ ಮನೆ, ಕೆಳಗೆ ಅಮ್ಮನ ಹೊಲಿಗೆ ಅಂಗಡಿ. ಇಂಟರ್ನೆಟ್ ಸರಿಯಾಗಿ ಸಿಗುತ್ತಿದ್ದುದು ಅಂಗಡಿಯಲ್ಲೇ ಆದ್ದರಿಂದ ಇಸ್ತ್ರಿ ಮೇಜಿನ ಒಂದು ಮೂಲೆ ಸೊನ್ನೆಯ ಲ್ಯಾಪ್‌ಟಾಪಿಗೆ ಮೀಸಲು. ಆ ವರ್ಷ ಅವಳಿಗೆ ಒಂದೇ ಹುಚ್ಚು. ದೊಡ್ಡ ದೊಡ್ಡ ಲೆಕ್ಕ ಮಾಡುವ ಒಂದು ತಂತ್ರಾಂಶವಿತ್ತು. ಯಾರು ಬೇಕಾದರೂ ಅದರ ಒಳಗನ್ನು ತೆರೆದು ನೋಡಬಹುದು, ತಪ್ಪಿದ್ದರೆ ತಿದ್ದಿ ಕಳಿಸಬಹುದು. ನಾನಾ ದೇಶದ ಜನ ತಮ್ಮ ಬಿಡುವಿನಲ್ಲಿ ಕೂತು ಅದನ್ನು ಕಟ್ಟಿದ್ದರು. ರಜೆಯ ಮೂರು ತಿಂಗಳು ತಮ್ಮ ಜೊತೆ ಕೆಲಸ ಮಾಡಲು ಅವರು ಇಬ್ಬರು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವವರಿದ್ದರು.

ಸೊನ್ನೆ ನಾಲ್ಕು ಪುಟದ ಅರ್ಜಿ ಬರೆದಳು. ಸಂಖ್ಯೆಗಳೇ ತನ್ನ ಉಸಿರು ಎಂಬುದು ಅದರಲ್ಲಿ ಮೂರು ಕಡೆ ಬಂದಿತ್ತು. ತಂಡದ ಹಿರಿಯ, ನಿವೃತ್ತ ಪ್ರಾಧ್ಯಾಪಕರೊಬ್ಬರು, ಎರಡು ವಾಕ್ಯದ ಉತ್ತರ ಕಳಿಸಿದರು: ಸಂತೋಷ, ಮೊದಲು ಒಂದು ತಪ್ಪು ಹುಡುಕಿ ತಿದ್ದಿ. ಆಮೇಲೆ ಮಾತಾಡೋಣ.

ಅಂದಿನಿಂದ ಅವಳು ಅವರನ್ನು ಮೇಷ್ಟ್ರು ಎಂದು ಕರೆಯತೊಡಗಿದಳು, ತಪ್ಪು ಹುಡುಕತೊಡಗಿದಳು. ಹುಡುಕುವಾಗ ಒಂದೂ ಸಿಗಲೊಲ್ಲದು. ಸಹಾಯದ ಪುಟದಲ್ಲಿ ಒಂದು ಅಕ್ಷರದೋಷ ಕಣ್ಣಿಗೆ ಬಿತ್ತು. ಅದರ ಬಗ್ಗೆ ವಿನಯಪೂರ್ವಕವಾಗಿ ಒಂದು ಪುಟ ಬರೆಯುವಷ್ಟರಲ್ಲಿ ಇನ್ನಾರೋ ತಿದ್ದಿ ಮುಗಿಸಿದ್ದರು. ಅಮ್ಮನ ಹತ್ತಿರ ದುಃಖ ತೋಡಿಕೊಂಡಾಗ ಅಮ್ಮ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು: “ನಿಮ್ಮಪ್ಪನ್ನ ಕೇಳು. ನನ್ನ ಮಾತಲ್ಲೇ ದಿನಕ್ಕೆ ಹತ್ತು ತಪ್ಪು ಹುಡುಕ್ತಾರೆ.”

ಹೀಗಿರುವಾಗ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವನೊಬ್ಬ ಕೋಟು ಹೊಲಿಸಲು ಬಂದ. ಕೈ ಎತ್ತಿ ಊದುವಾಗ ಕೋಟು ಕಂಕುಳಲ್ಲಿ ಹಿಡಿಯಬಾರದು ಎಂಬುದು ಅವನ ಬೇಡಿಕೆ. ಸೊನ್ನೆಗೆ ಹುರುಪು ಬಂತು. ಅಳತೆಗಳನ್ನು ಕೊಟ್ಟರೆ ಅವುಗಳ ನಡುವೆ ನಯವಾದ ತಿರುವು ಎಳೆಯುವ ವಿದ್ಯೆ ತನ್ನ ತಂತ್ರಾಂಶಕ್ಕೆ ಗೊತ್ತು ಎಂದಳು. ಅಮ್ಮ ಟೇಪು ಹಿಡಿದು ಒಂಬತ್ತು ಕಡೆ ಅಳೆದಳು. ಅಳೆಯುವಾಗ ಅವನು ಅಭ್ಯಾಸಬಲದಿಂದ ಎದೆ ತುಂಬ ಉಸಿರೆಳೆದುಕೊಂಡ. ಅಮ್ಮ ಗದರಿಸಿ ಒಂದು ಜಾಗವನ್ನು ಎರಡನೇ ಸಲ ಅಳೆದಳು. ಸೊನ್ನೆ ಎರಡನ್ನೂ ಬರೆದುಕೊಂಡಳು.

ಅಚ್ಚಾಗಿ ಬಂದ ತೋಳಿನ ಗೆರೆಯನ್ನು ನೋಡಿ ಅಮ್ಮ, “ಇಲ್ಲಿ ಉಬ್ಬಿದೆ ಕಣೇ” ಎಂದಳು.

“ಕಂಪ್ಯೂಟರ್ ಎಳೆದಿರೋದಮ್ಮ. ತಪ್ಪಿರಲ್ಲ.”

ಅಮ್ಮ ಒಂದು ಹಳೇ ಹೊದಿಕೆಯನ್ನು ಗೆರೆಯಂತೆಯೇ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ, ಟ್ರಂಪೆಟಿನವನಿಗೆ ತೊಡಿಸಿ ಕನ್ನಡಿಯ ಮುಂದೆ ನಿಲ್ಲಿಸಿದಳು. ಅವನು ಎಡಕ್ಕೂ ಬಲಕ್ಕೂ ತಿರುಗಿ ನೋಡಿಕೊಂಡ. ಬಲು ಮರ್ಯಾದಸ್ಥ ಮನುಷ್ಯ.

“ಟ್ರಂಪೆಟ್ ಇಡೋಕೆ ಜಾಗ ಆಯ್ತು ಅಕ್ಕಾ,” ಎಂದ. “ನನ್ನ ಕೈ ಎಲ್ಲಿ ಇಡ್ಲಿ?”

ಅಮ್ಮ ನಕ್ಕು ನಕ್ಕು ಹೊಲಿಗೆ ಯಂತ್ರಕ್ಕೆ ಒರಗಿದಳು. ಸೊನ್ನೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಆ ಉಬ್ಬು ಅವಳ ತಲೆಯಿಂದ ಇಳಿಯಲಿಲ್ಲ. ಮೂರು ದಿನ ತಂತ್ರಾಂಶದ ಹೊಟ್ಟೆಯೊಳಗೆ ಹೊಕ್ಕು ಸಾಲು ಸಾಲು ಓದಿದಳು. ನಾಲ್ಕನೆಯ ದಿನ ಊಟದ ಹೊತ್ತಿಗೆ ಸಿಕ್ಕಿತು. ಒಂದೇ ಜಾಗಕ್ಕೆ ಎರಡು ಬೇರೆ ಅಳತೆ ಕೊಟ್ಟರೆ, ಇದಾಗದು ಎನ್ನುವ ಬದಲು ಅದು ಮನಸ್ಸಿಗೆ ಬಂದ ಗೆರೆ ಎಳೆದು ಕೈತೊಳೆದುಕೊಳ್ಳುತ್ತಿತ್ತು. “ತಪ್ಪು ಸಿಕ್ತು” ಎಂದು ಅವಳು ಕುಣಿದು ಬಂದದ್ದನ್ನು ಕಂಡು, ತಮ್ಮದೇ ಏನೋ ಹೊರಬಿತ್ತೆಂದು ಅಪ್ಪ ತುತ್ತು ಕೈಯಲ್ಲೇ ಹಿಡಿದು ಕುಳಿತರು.

ಈ ಬಾರಿ ಅವಳು ಬರೆದದ್ದು ಮೂರೇ ಸಾಲು, ಜೊತೆಗೆ ತೋಳಿನ ಒಂದು ಫೋಟೋ. ಮೇಷ್ಟ್ರು ಆ ಫೋಟೋವನ್ನು ಇಡೀ ತಂಡಕ್ಕೆ ಕಳಿಸಿದರಂತೆ. ತಿದ್ದುಪಡಿ ನಾಲ್ಕು ಸಾಲಿನದು, ಆದರೂ ಅವರು ಅದನ್ನು ಆರು ಸಲ ವಾಪಸು ಕಳಿಸಿದರು. ಅಳತೆಗೆ ಇಟ್ಟ ಹೆಸರು ಸರಿಯಿಲ್ಲ, ಎಚ್ಚರಿಕೆಯ ಮಾತು ಸ್ಪಷ್ಟವಿಲ್ಲ, ಒಂದು ಕಡೆ ಜಾಗ ಹೆಚ್ಚು ಬಿಟ್ಟಿದೆ. ಸೊನ್ನೆ ಅಳುವ ಹಾಗಾಗಿದ್ದಳು. ಅಮ್ಮನಿಗೆ ಮಾತ್ರ ಆಗಲೇ ಆ ಮನುಷ್ಯನ ಮೇಲೆ ಗೌರವ ಹುಟ್ಟಿತು.

“ಆರು ಸಲ ಬಿಚ್ಚಿಸಿದ್ರಾ? ಕೆಲಸ ಗೊತ್ತಿರೋರು ಬಿಡು.”

ಏಳನೆಯ ಸಲ ಒಪ್ಪಿಕೊಂಡರು. ಟ್ರಂಪೆಟಿನವನ ಹತ್ತೂ ಅಳತೆಗಳು, ತಂತ್ರಾಂಶ ಸರಿಯಿದೆಯೇ ಎಂದು ಪ್ರತಿ ಸಲ ನೋಡುವ ಪರೀಕ್ಷೆಗಳ ಸಾಲಿಗೆ ಸೇರಿದವು. ಹದಿನೈದು ದಿನದ ಮೇಲೆ ಆಯ್ಕೆಪಟ್ಟಿ ಬಂತು. ಇಬ್ಬರಲ್ಲಿ ಎರಡನೆಯವಳು ಸೊನ್ನೆ. ಅವಳು ಪಟ್ಟಿಯನ್ನು ನಾಲ್ಕು ಸಲ ಓದಿ, ಐದನೆಯ ಸಲ ಅಪ್ಪನಿಂದ ಓದಿಸಿ, ಆಮೇಲೆ ನಂಬಿದಳು.

ಮೊದಲ ಗುರುವಾರ ವಿಡಿಯೋ ಸಭೆ. ತನ್ನ ಯೋಜನೆ ವಿವರಿಸಲು ಸೊನ್ನೆ ವಾರವಿಡೀ ತಯಾರಾಗಿದ್ದಳು. ಮೇಷ್ಟ್ರು ಮಾತು ಶುರುಮಾಡುತ್ತಲೇ, ಆ ತೋಳು ಕತ್ತರಿಸಿದವರು ಹತ್ತಿರದಲ್ಲಿದ್ದಾರೆಯೇ ಎಂದು ಕೇಳಿದರು. ಅಮ್ಮ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಬಂದು ಕುಳಿತಳು. ಕಂಕುಳ ತಿರುವನ್ನು ಕಣ್ಣಳತೆಯಲ್ಲಿ ಎಳೆಯುವುದು ಹೇಗೆಂದು ನಲವತ್ತು ನಿಮಿಷ ಹೇಳಿದಳು, ಮಗಳು ಅನುವಾದಿಸಿದಳು. ಹನ್ನೊಂದು ಜನ ಗಣಿತಜ್ಞರು ಬರೆದುಕೊಂಡರು. ಕೊನೆಗೆ ಒಬ್ಬಾತ ಎದ್ದು ನಿಂತು, ತನ್ನ ಕೋಟಿನ ಭುಜ ಯಾಕೆ ಹೀಗೆ ಜೋತುಬೀಳುತ್ತದೆ ಎಂದು ತೋರಿಸಿ ಕೇಳಿದ. ಸೊನ್ನೆಯ ಯೋಜನೆಯನ್ನು ಮುಂದಿನ ಗುರುವಾರಕ್ಕೆ ಇಟ್ಟುಕೊಂಡರು.