ಅರ್ಧ ಗುಡ್ಡೆ

ಮಗಳ ಮದುವೆ ಗೊತ್ತಾದಾಗ ನನ್ನ ಚಿಕ್ಕವ್ವನಿಗೆ ಇದ್ದ ಚಿಂತೆ ಒಂದೇ. ಧಾರೆಯನ್ನು ಗಂಡಿನವರು ಹಂಪಾಪುರದ ಕಡೆಯ ತಮ್ಮೂರಲ್ಲೇ ಮಾಡಿಕೊಳ್ಳುತ್ತೇವೆ ಎಂದಿದ್ದರು. ಬೀಗರೂಟ ಮಾತ್ರ ನಮ್ಮೂರಲ್ಲಿ ಆಗಬೇಕು, ಊರಿನ ಕೊಪ್ಪರಿಗೆಯಲ್ಲಿ ಬಾಡು ಬೇಯಬೇಕು, ಊರಿನ ಗಂಡಸರು ನಿಂತು ಬಡಿಸಬೇಕು ಎನ್ನುವುದು ಅವಳ ಹಟ. ಗಂಡ ಸತ್ತವಳು, ಹೊಲವಿಲ್ಲದವಳು ಎಂಬುದು ಬೀಗರಿಗೆ ಗೊತ್ತೇ ಇತ್ತು. ಆದರೂ ಊರು ತನ್ನನ್ನು ಒಂದು ಒಕ್ಕಲು ಎಂದು ಎಣಿಸುತ್ತದೆ ಎನ್ನುವುದನ್ನು ಅವರು ಕಣ್ಣಾರೆ ನೋಡಬೇಕಿತ್ತು. ನಮ್ಮ ಕಡೆ ಒಕ್ಕಲು ಎಂದರೆ ಊರಿನ ಲೆಕ್ಕಕ್ಕೆ ಸೇರಿದ ಮನೆ. ಒಕ್ಕಲಿಗೆ ಊರಿನ ಪಾತ್ರೆ ಸಿಗುತ್ತದೆ, ಚಪ್ಪರ ಹಾಕಲು ಜನ ಬರುತ್ತಾರೆ, ಸತ್ತರೆ ಹೊರಲು ಹೆಗಲು ಕೊಡುತ್ತಾರೆ.

ನಾನು ಹುಣಸೂರಿನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಊರು ಪಿರಿಯಾಪಟ್ಟಣ ತಾಲ್ಲೂಕಿನದು, ಭಾನುವಾರಗಳಲ್ಲಿ ಹೋಗಿ ಬರುತ್ತೇನೆ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ನಾನೇ ಕಂಡದ್ದೆಷ್ಟು, ಚಿಕ್ಕವ್ವನ ಬಾಯಲ್ಲಿ ಕೇಳಿ ಕೇಳಿ ಕಂಡಂತೆ ಆಗಿರುವುದೆಷ್ಟು ಎಂದು ಬಿಡಿಸಿ ಹೇಳುವ ಧೈರ್ಯ ನನಗಿಲ್ಲ. ದಿನಚರಿ ಬರೆಯುವವನಿಗೆ ಇದು ಮರ್ಯಾದೆಯ ಮಾತಲ್ಲ. ಆದರೆ ದಿನಚರಿಯಲ್ಲೂ ನಾನು ಬರೆದುಕೊಳ್ಳುವುದು ನನಗೆ ಅನುಕೂಲವಾದದ್ದನ್ನೇ ಎಂದು ಈಚೆಗೆ ಅನ್ನಿಸತೊಡಗಿದೆ.

ಊರಿನ ಖರ್ಚಿಗೆ ಎತ್ತುವ ದುಡ್ಡಿಗೆ ವರಿ ಎನ್ನುತ್ತಾರೆ. ಮೊದಲು ವರಿ ಬೀಳುತ್ತಿದ್ದದ್ದು ಬ್ಯಾರನ್ ಲೆಕ್ಕದಲ್ಲಿ. ಹೊಗೆಸೊಪ್ಪು ಹದ ಮಾಡುವ ಆ ಎತ್ತರದ ಮನೆ ಒಂದಿದ್ದವರು ಒಂದು ಪಾಲು, ನಾಲ್ಕಿದ್ದವರು ನಾಲ್ಕು ಪಾಲು ಕೊಡುತ್ತಿದ್ದರು. ಬ್ಯಾರನ್ ಇಲ್ಲದವರು ಮೈಗೆಲಸ ಕೊಟ್ಟರೆ ಸಾಕಿತ್ತು. ಚಿಕ್ಕವ್ವ ಹಬ್ಬದ ದಿನ ಪಾತ್ರೆ ಬೆಳಗುತ್ತಿದ್ದಳು, ಖಾರ ಅರೆಯುತ್ತಿದ್ದಳು. ಊರಿನ ಎರಡು ತಾಮ್ರದ ಕೊಪ್ಪರಿಗೆ ಕೊಂಡದ್ದು ಆ ಕಾಲದಲ್ಲೇ.

ನಾಲ್ಕು ಬ್ಯಾರನ್ ಇದ್ದ ಮನೆ ನಮ್ಮ ದೊಡ್ಡಪ್ಪನ ವರಸೆಯವರದು. ಅವರಿಗೆ ಈ ಲೆಕ್ಕ ಬಹಳ ದಿನದಿಂದ ಒಗ್ಗುತ್ತಿರಲಿಲ್ಲ. ಅವರ ದೂರಿನಲ್ಲಿ ಹುರುಳಿರಲಿಲ್ಲ ಎನ್ನಲಾರೆ. ಕೋಟೆ ತಾಲ್ಲೂಕಿನ ಕಡೆ ಗುತ್ತಿಗೆಗೆ ಹೊಲ ಹಿಡಿದು ಶುಂಠಿ ಹಾಕಿ ದುಡ್ಡು ಮಾಡಿಕೊಂಡವರು ಊರಲ್ಲಿ ಇಬ್ಬರು ಮೂವರಿದ್ದರು, ಬ್ಯಾರನ್ ಇಲ್ಲದ ಕಾರಣ ಅವರು ಬಿಡಿಗಾಸು ಕೊಡುತ್ತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಇದೇ ಮಾತು ಎದ್ದಿತು.

"ಬ್ಯಾರನ್ನು ಮೂರೂರ್ಗೆ ಕಾಣ್ತದೆ. ಸುಂಟಿ ಮಣ್ಣೊಳಗದೆ, ಯಾರ್ಗ್ಲಾ ಕಾಣ್ತದೆ?" ಎಂದರು ದೊಡ್ಡಪ್ಪ. ಆಮೇಲೆ ನನ್ನ ಕಡೆ ತಿರುಗಿದರು. "ಏನ್ಲಾ ಮೇಷ್ಟ್ರೆ, ನಿನ್ ಸಂಬ್ಳ ಕೈಗ್ ಬರಕ್ ಮುಂಚೆನೇ ಸರ್ಕಾರ ಮುರ್ಕತದಂತೆ? ನಾಲ್ಕ್ ಬ್ಯಾರನ್ ಮಡಿಕಂಡಿವ್ನಿ, ನನ್ನ ಒಬ್ನೂ ಕೇಳಕಿಲ್ಲ ಕಣ್ಲಾ."

ಎಲ್ಲರೂ ನಕ್ಕರು. ವ್ಯವಸಾಯದ ಗಳಿಕೆಗೆ ಆದಾಯ ತೆರಿಗೆ ಇಲ್ಲ ಎನ್ನುವುದು ಅವರಿಗೆಲ್ಲ ಗೊತ್ತು. ಮನೆ ಬಾಡಿಗೆ ಕಟ್ಟಿ, ಬಸ್ಸಿನಲ್ಲಿ ಓಡಾಡುವ ನಾನು ತೆರಿಗೆ ಕಟ್ಟುವವನು, ಅಂಗಳದಲ್ಲಿ ಕಾರು ನಿಲ್ಲಿಸಿಕೊಂಡ ಅವರು ಕಟ್ಟದವರು. ನನಗೆ ಚುಚ್ಚಿತು. ಆಗ ನಾನು ಹೇಳಿದ್ದು ಇದು: ಆದಾಯ ತೆರಿಗೆಯನ್ನೇ ತೆಗೆದುಹಾಕಬೇಕು, ದೇಶಕ್ಕೆಲ್ಲ ಕೊಳ್ಳುವುದರ ಮೇಲೆ ಒಂದೇ ತೆರಿಗೆ ಹಾಕಬೇಕು ಎನ್ನುವವರಿದ್ದಾರೆ. ಎಷ್ಟು ಗಳಿಸಿದೆ ಎಂದು ಯಾರನ್ನೂ ಕೇಳುವ ಹಾಗಿಲ್ಲ, ಅಂಗಡಿಯಲ್ಲಿ ಕೊಂಡಾಗ ತೆತ್ತರಾಯಿತು. ಗಳಿಸಿದ್ದನ್ನು ಮುಚ್ಚಿಡಬಹುದು, ತಿನ್ನುವುದನ್ನು ಎಲ್ಲಿ ಮುಚ್ಚಿಡುತ್ತೀರಿ?

ಇದರ ಇನ್ನೊಂದು ಮುಖವನ್ನೂ ಹೇಳಿದೆ ಎಂದೇ ನನ್ನ ನೆನಪು. ಕಡಿಮೆ ಗಳಿಸುವವನು ಗಳಿಸಿದ್ದನ್ನೆಲ್ಲ ತಿಂದು ಮುಗಿಸುತ್ತಾನೆ, ಹೆಚ್ಚು ಗಳಿಸುವವನು ತಿಂದು ಮಿಗಿಸುತ್ತಾನೆ, ಆದ್ದರಿಂದ ಅಂಥ ತೆರಿಗೆ ಮೊದಲನೆಯವನ ಪೂರ್ತಿ ಬದುಕಿನ ಮೇಲೆ ಬೀಳುತ್ತದೆ ಎಂದು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತೇನೆ. ಆವತ್ತೂ ಹೇಳಿರಲೇಬೇಕು. ಆದರೆ ಡೈರಿಯ ಮುಂದೆ ಇದ್ದವರಲ್ಲಿ ಯಾರಿಗೂ ಅದು ನೆನಪಿಲ್ಲ. ಇವರೂ ಒಂದು ಸಲ ತೆತ್ತು ನೋಡಲಿ ಎನ್ನುವ ಹೊಟ್ಟೆಯುರಿಯಲ್ಲಿ ಆ ಭಾಗವನ್ನು ಸಣ್ಣ ದನಿಯಲ್ಲಿ ಹೇಳಿದೆನೋ, ಹೇಳಬೇಕೆಂದುಕೊಂಡು ಬಸ್ಸು ಹತ್ತಿದೆನೋ, ಈಗ ಯಾರನ್ನು ಕೇಳಲಿ?

ಅವರು ನನ್ನ ಈ ಮಾತನ್ನು ಊರಿನ ಬಾಡಿನ ಗುಡ್ಡೆಗೆ ಹೊಂದಿಸಿದರು. ಯುಗಾದಿಯ ಮಾರನೆಯ ದಿನ, ವರ್ಷದ ತೊಡಕಿಗೆ, ಊರವರು ಸೇರಿ ಕುರಿಗಳನ್ನು ತಂದು ಕೊಯ್ದು, ಬಾಳೆ ಎಲೆಗಳ ಮೇಲೆ ಬಾಡನ್ನು ಸಮಸಮವಾಗಿ ಗುಡ್ಡೆ ಮಾಡುತ್ತಾರೆ. ಹೆಸರು ಕೂಗಿದ ಹಾಗೆ ಒಬ್ಬೊಬ್ಬರೂ ಬಂದು ಒಂದೊಂದು ಗುಡ್ಡೆ ಎತ್ತಿಕೊಳ್ಳುತ್ತಾರೆ. ಗುಡ್ಡೆಗೆ ತಗುಲಿದಷ್ಟೇ ದುಡ್ಡು ಕೊಡುವುದು ಹಿಂದಿನಿಂದ ಬಂದ ರೂಢಿ. ಇನ್ನು ಮುಂದೆ ಅದರ ಮೇಲೆ ಒಂದಷ್ಟು ಸೇರಿಸಿ ಕೊಡಬೇಕು, ಸೇರಿಸಿದ್ದೇ ಊರಿನ ವರಿ, ಬ್ಯಾರನ್ ವರಿಯೂ ಇಲ್ಲ, ಮೈಗೆಲಸವೂ ಇಲ್ಲ ಎಂದು ತೀರ್ಮಾನವಾಯಿತು. ತಿಂದೋನು ಕೊಡ್ಲಿ. ಗುಡ್ಡೆ ಎತ್ತಿದ ಮನೆ ಒಕ್ಕಲು. ಕಾಲೇಜು ಮೇಷ್ಟ್ರೇ ಹೇಳವ್ರೆ, ದೇಸುಕ್ಕೇ ಇಂಗೇ ಬತ್ತದಂತೆ ಎಂದು ಯಾರೋ ಸೇರಿಸಿದರಂತೆ. ನಾನು ಆಗ ಹುಣಸೂರಿನಲ್ಲಿದ್ದೆ.

ಮುಂದಿನ ತೊಡಕಿಗೆ ನಾನು ಊರಲ್ಲಿದ್ದೆ. ದೊಡ್ಡಪ್ಪನ ಹೆಸರು ಮೊದಲು ಕೂಗಿದರು. ಅವರು ಬಂದು ಒಂದು ಗುಡ್ಡೆ ಎತ್ತಿಕೊಂಡರು. ಅವರ ಮನೆಗೆ ಬಂದಿದ್ದ ನೆಂಟರಿಗೆ ಒಂದು ಗುಡ್ಡೆ ಯಾವ ಮೂಲೆಗೂ ಸಾಲದು. ಮಿಕ್ಕ ಬಾಡು ಬೆಳಿಗ್ಗೆಯೇ ಹತ್ತಿರದ ಕೊಪ್ಪದ ಅಂಗಡಿಯಿಂದ ಕಾರಿನಲ್ಲಿ ಬಂದಿತ್ತು. ಅದರ ಮೇಲೆ ಊರಿನ ವರಿ ಇಲ್ಲ. ಶುಂಠಿಯವರೂ ಹಾಗೇ ಮಾಡಿದರು, ಹೆಸರಿಗೊಂದು ಗುಡ್ಡೆ, ಉಳಿದದ್ದು ಹೊರಗಿಂದ. ಹಿಂದೆ ನಾಲ್ಕು ಪಾಲು ಕೊಡುತ್ತಿದ್ದ ಮನೆ ಈಗ ಕೂಲಿಯವನು ಕೊಟ್ಟಷ್ಟೇ ಕೊಟ್ಟಿತು, ಅದಕ್ಕೆ ನ್ಯಾಯ ಎಂದು ಹೆಸರಾಯಿತು.

ಏರಿದ ಬೆಲೆಗೆ ಚಿಕ್ಕವ್ವನಿಗೆ ಇಡೀ ಗುಡ್ಡೆ ದಕ್ಕಲಿಲ್ಲ. ಅವಳೂ ಪಕ್ಕದ ಮನೆಯ ಹೆಂಗಸೂ ಸೇರಿ ಒಂದು ಗುಡ್ಡೆ ಹಿಡಿದರು. ನಮ್ಮ ಕಡೆ ಬಡವರು ಹಬ್ಬದಲ್ಲಿ ಹೀಗೆ ಕೂಡುವುದು ಹೊಸದಲ್ಲ. ಪಕ್ಕದ ಮನೆಯ ಗಂಡಸಿನ ಹೆಸರು ಕೂಗಿದರು, ಅವನು ಎತ್ತಿಕೊಂಡು ಬಂದ, ಹೆಂಗಸರಿಬ್ಬರೂ ಜಗಲಿಯ ಮೇಲೆ ಕೂತು ಮೂಳೆಗೆ ಮೂಳೆ, ಮೆದುವಿಗೆ ಮೆದು ಸಮ ಮಾಡಿ ಹಂಚಿಕೊಂಡರು. ದುಡ್ಡೂ ವರಿಯೂ ಅರ್ಧ ಅರ್ಧ. ಅದರ ಮರುವರ್ಷವೂ ಹಾಗೆಯೇ ನಡೆಯಿತು. ಹೆಸರು ಕೂಗುವುದರಲ್ಲಿ ಏನಿದೆ ಎಂದು ಅವಳಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಬೀಗರೂಟಕ್ಕೆ ಕೊಪ್ಪರಿಗೆ ಕೇಳಲು ಅವಳು, ಊರಿನ ಪಾತ್ರೆಗಳನ್ನು ನೋಡಿಕೊಳ್ಳುವ ದೊಡ್ಡಪ್ಪನ ಮನೆಗೆ ಹೋದಾಗ ನನ್ನನ್ನೂ ಕರೆದುಕೊಂಡು ಹೋದಳು. ಅವರು ಹರಾಜಿಗೆ ಹೋಗುವ ಹೊಗೆಸೊಪ್ಪಿನ ಬೇಲು ಮೂಟೆಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮದುವೆಯ ಸುದ್ದಿಯನ್ನೆಲ್ಲ ಸಮಾಧಾನದಿಂದ ಕೇಳಿದರು, ಗಂಡು ಏನು ಮಾಡುತ್ತಾನೆ ಎಂದು ವಿಚಾರಿಸಿದರು, ಕಾಫಿ ತರಿಸಿದರು. ಆಮೇಲೆ, ನಿನ್ನ ಹೆಸರಲ್ಲಿ ಗುಡ್ಡೆ ಇಲ್ಲವಲ್ಲ ಎಂದರು.

ಅರ್ಧ ನಾನೇ ಕೊಟ್ಟಿದ್ದೇನೆ, ಪಕ್ಕದ ಮನೆಯವರನ್ನು ಬೇಕಾದರೆ ಕೇಳಿ ಎಂದಳು ಚಿಕ್ಕವ್ವ. ಅದು ಸುಳ್ಳು ಎಂದು ಅವರು ಹೇಳಲಿಲ್ಲ.

"ಕೊಟ್ಟಿದ್ದೀಯ ಕಣವ್ವ, ಯಾರ್ ಇಲ್ಲ ಅಂದ್ರು? ಆದ್ರೆ ಗುಡ್ಡೆ ಅರ್ಧ ಆಯ್ತದೆ, ಒಕ್ಕಲು ಅರ್ಧ ಆಯ್ತದಾ? ನಿಂಗ್ ಕೊಟ್ರೆ ನಾಳೆ ನಾಲ್ಕ್ ಜನ ಒಂದ್ ಗುಡ್ಡೆ ತಕಂಡು ನಾಲ್ಕ್ ಒಕ್ಕಲು ಅಂತಾರೆ."

"ಆ ಕೊಪ್ಪರಿಗೆನ ಉಣ್ಸೆಹಣ್ಣು ಆಕಿ ಬೆಳ್ಗಿರೋಳು ನಾನು, ಭಾವ."

"ಅದು ಬ್ಯಾರನ್ ವರಿ ಕಾಲ ಬುಡು. ಈಗ ಮೇಷ್ಟ್ರು ಯೋಳ್ದಂಗೆ ನಡೀತಾ ಅದೆ. ಕೇಳು, ಇಲ್ಲೇ ಕುಂತವ್ನಲ್ಲ."

ಚಿಕ್ಕವ್ವ ನನ್ನ ಮುಖ ನೋಡಿದಳು. ನಾನು ಮಾತಾಡಿದೆ. ಮೈಗೆಲಸವೂ ವರಿಯೇ, ತೆತ್ತವರನ್ನೆಲ್ಲ ಎಣಿಸಬೇಕು, ಕೊಪ್ಪದಿಂದ ತಂದ ಬಾಡಿನ ಮೇಲೆ ವರಿ ಯಾರು ಕೊಟ್ಟರು ಎಂದೆಲ್ಲ ಹೇಳಿದೆ. ಏರು ದನಿಯಲ್ಲಿ ಹೇಳಿದೆ ಎಂದು ನನಗನ್ನಿಸಿತ್ತು. ನೀನು ಮೆತ್ತಗೆ ಮಾತಾಡಿದೆ ಕಣಪ್ಪ ಎಂದು ಚಿಕ್ಕವ್ವ ದಾರಿಯಲ್ಲಿ ಅಂದಳು. ದೊಡ್ಡಪ್ಪ ಮಾತ್ರ ಅದನ್ನೆಲ್ಲ ತಲೆಯಾಡಿಸುತ್ತ ಕೇಳಿ, ನೀನು ಊರಲ್ಲಿ ಗುಡ್ಡೆ ತಗೊಳ್ಳುವವನಲ್ಲ, ನಿನ್ನ ಮಾತು ಲೆಕ್ಕಕ್ಕೆ ಬರೋದಿಲ್ಲ ಎಂದು ನಕ್ಕರು. ಪಕ್ಕದ ಮನೆಯವನು ತನ್ನ ಹೆಸರಲ್ಲಿ ಕೊಪ್ಪರಿಗೆ ಎತ್ತಿಕೊಡುತ್ತೇನೆ ಎಂದು ಬಂದ. ಚಿಕ್ಕವ್ವ ಒಪ್ಪಲಿಲ್ಲ. ಅವಳಿಗೆ ಬೇಕಾಗಿದ್ದದ್ದು ತಾಮ್ರವಲ್ಲ.

ಪಾತ್ರೆಗಳನ್ನು ಹುಣಸೂರಿನ ಶಾಮಿಯಾನದ ಅಂಗಡಿಯಿಂದ ಬಾಡಿಗೆಗೆ ತಂದೆವು. ಅಂಗಡಿಯ ಸಾಬರು ನನಗೆ ಪರಿಚಿತರು. ಬಿಲ್ಲು ಹಾಕಿದರೆ ಜಿಎಸ್‌ಟಿ ಬೀಳುತ್ತದೆ, ಹಾಕಲೋ ಬೇಡವೋ ಎಂದು ಕೇಳಿದರು. ತೆರಿಗೆಯ ಪಾಠ ಹೇಳುವ ನಾನು ಬೇಡ ಎಂದೆ.

ಊಟದ ದಿನ ಊರಿಗೆಲ್ಲ ಕರೆ ಹೋಗಿತ್ತು, ಊರೆಲ್ಲ ಬಂದಿತ್ತು. ಬಡಿಸಲು ನಿಂತವರು ನಾನು, ಪಕ್ಕದ ಮನೆಯವನು, ಅವನ ಭಾವಮೈದ, ಇಷ್ಟೇ ಜನ. ಉಳಿದ ಗಂಡಸರು ನೆಂಟರ ಹಾಗೆ ಪಂಕ್ತಿಯಲ್ಲಿ ಕೂತಿದ್ದರು. ದೊಡ್ಡಪ್ಪ ಊರಿನ ಹಿರಿಯರಾಗಿ ಬೀಗರ ಪಕ್ಕದಲ್ಲೇ ಕೂತರು. ಆ ಅಲ್ಯೂಮಿನಿಯಂ ಪಾತ್ರೆಗಳ ಹೊಟ್ಟೆಯ ಮೇಲೆ ಅಂಗಡಿಯ ಹೆಸರು ಕೆಂಪು ಬಣ್ಣದಲ್ಲಿ ದಪ್ಪಗೆ ಇತ್ತು. ಒಲೆಯ ಕಡೆಗೆ ತಿರುಗಿಸಿ ಇಡಲು ನೋಡಿದ್ದೆವು, ಎರಡು ಕಡೆಯೂ ಬರೆದಿದ್ದರು.

ಬೀಗರು, ಗಂಡಿನ ತಂದೆ, ಉಣ್ಣುತ್ತ ಉಣ್ಣುತ್ತ ಅದನ್ನು ಓದಿದರು.

"ಇದ್ಯಾಕವ್ವ ಹುಣ್ಸೂರಿಂದ ತರ್ಸಿದ್ರಿ? ಊರ್ದು ಕೊಪ್ಪರಿಗೆ ಇಲ್ವಾ ನಿಮ್ಗೆ?"

ನನ್ನ ಕೈಯಲ್ಲಿ ಸಾರಿನ ಬಕೆಟ್ಟಿತ್ತು. ಈಗ ಅವಳು ಹೇಳಿಬಿಡುತ್ತಾಳೆ ಎಂದುಕೊಂಡೆ. ಹೇಳಲಿ ಎಂದೂ ಅಂದುಕೊಂಡೆ. ದೊಡ್ಡಪ್ಪ ಎಲೆಯಿಂದ ತಲೆ ಎತ್ತಲಿಲ್ಲ.

"ಅದೆ ಕಣಣ್ಣ, ಎಲ್ಡು ಅದೆ," ಎಂದಳು ಚಿಕ್ಕವ್ವ. "ಕಲಾಯಿಗ್ ಕಳ್ಸವ್ರೆ."

"ಊಂ, ನಾವೇ ಕಳ್ಸಿದ್ದು," ಎಂದರು ದೊಡ್ಡಪ್ಪ, ಮೂಳೆ ಕೆಳಗಿಡುತ್ತ. "ಕಲಾಯಿ ಆಕೋರು ಈಗ ಎಲ್ಲಿ ಸಿಕ್ತಾರೆ ಬೀಗ್ರೆ, ತಿಂಗಳಾಯ್ತು, ಇನ್ನೂ ಕೊಟ್ಟಿಲ್ಲ."

ಬೀಗರು ಒಪ್ಪಿಕೊಂಡು, ತಮ್ಮೂರಲ್ಲೂ ಅದೇ ಕಷ್ಟ ಎಂದರು. ಇಬ್ಬರೂ ಕಲಾಯಿಯವರ ಮಾತಿಗೆ ಬಿದ್ದರು. ಚಿಕ್ಕವ್ವ ಸೆರಗಿನಿಂದ ಮುಖ ಒರೆಸಿಕೊಂಡು, ದೊಡ್ಡಪ್ಪನ ಎಲೆಯ ಮುಂದೆ ಬಗ್ಗಿ, ಇನ್ನೊಂದು ಮುದ್ದೆ ಹಾಕಿಸಿಕೊಳ್ಳಿ ಭಾವ ಎಂದು ಬಲವಂತ ಮಾಡಿದಳು. ಅವರು ಕೈ ಅಡ್ಡ ಹಿಡಿಯಲಿಲ್ಲ. ನಾನು ಸಾರು ಬಿಟ್ಟೆ.