ಕೊಡ ತಟ್ಟಿದರೆ ಬರುತ್ತಿದ್ದ ಮೀನು

ಹಿತ್ತಾಳೆ ಕೊಡವನ್ನು ಕಲ್ಲಿಗೆ ತಟ್ಟಿದಾಗ ಏಳುವ ಠಣ್ ಎನ್ನುವ ಸದ್ದು ಈಗ ಅಪರೂಪಕ್ಕೊಮ್ಮೆ ಕಿವಿಗೆ ಬೀಳುತ್ತದೆ. ಬಿದ್ದ ದಿನ ಕೈಲಿದ್ದ ಕೆಲಸ ಅಲ್ಲೇ ನಿಂತುಬಿಡುತ್ತದೆ. ಎಂಬತ್ತರ ದಶಕದ ನಮ್ಮೂರು ಶ್ರೀಗಂಧದ ಕಾವಲ್, ನಮ್ಮ ಹಳೇ ಮನೆ, ಹಿತ್ತಲ ಬಾವಿ, ಅದರಾಚೆ ಹೊಂಗೆಯ ನೆರಳಿನಲ್ಲಿದ್ದ ಪುಟ್ಟ ನೀರಿನ ಕುಂಟೆ, ದಡದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತ ಸರೋಜತ್ತೆ, ಎಲ್ಲ ಕಣ್ಣೆದುರು ಬರುತ್ತದೆ. ಅತ್ತೆ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಯಾರೂ ಒಂದು ಮಾತು ಅಂದವರಲ್ಲ, ಆದರೂ ಊಟಕ್ಕೆ ಕೂತರೆ ಎರಡನೇ ಸಲ ಬಡಿಸಿಕೊಳ್ಳುತ್ತಿರಲಿಲ್ಲ. ತನ್ನ ಕೈಯಿಂದಲೂ ಈ ಮನೆಗೆ ಏನಾದರೂ ಬರಬೇಕೆಂದು ಹಟ ಹಿಡಿದು, ಗೆಂಡೆ ಮೀನಿನ ಮರಿ ತಂದು ಕುಂಟೆಗೆ ಬಿಟ್ಟಳು. ದಿನಾ ತೌಡು ಹಾಕಿ ಸಾಕಿದಳು.

ಮರಿಗಳು ಬೆರಳುದ್ದ ಆಗುವ ಹೊತ್ತಿಗೆ ಕಡಿಮೆಯಾಗತೊಡಗಿದವು. ಕೊಕ್ಕರೆಯನ್ನು ಬಯ್ದೆವು, ನೀರುಹಾವಿಗಾಗಿ ಹುಡುಕಿದೆವು. ಒಂದು ಬೆಳಿಗ್ಗೆ ಹೊಂಗೆಯ ಬೇರಿನ ಹತ್ತಿರ ಕಪ್ಪು ತಲೆಯೊಂದು ಗುಳುಕ್ಕನೆ ಗಾಳಿ ಕುಡಿದು ಮುಳುಗಿದ್ದು ಅತ್ತೆಗೆ ಕಂಡಿತು. ಕೊರಮೀನು! ಸಣ್ಣ ಮೀನು ನುಂಗಿಯೇ ಬೆಳೆಯುವ ಜಾತಿ. ತಲೆಯ ಮೇಲೆ ಬೆಳ್ಳನೆಯ ಗಾಯದ ಗುರುತು ಬೇರೆ. ಗಾಳಕ್ಕೆ ಕಪ್ಪೆಮರಿ ಸಿಕ್ಕಿಸಿದರೆ ಕಪ್ಪೆ ಮಾಯ, ಗಾಳ ಖಾಲಿ. ಭಾನುವಾರ ಅಪ್ಪ ಬಲೆ ಎಳೆದರೆ ಅದು ಕೆಸರಿನೊಳಗೆ ಇಳಿದು ಕೂತಿತು.

"ಬಿಡು ಸರೋಜ, ಆಗಲ್ಲ ಇದು. ಮುಂದಿನ್ ವರ್ಷ ನೋಡೋಣ" ಎಂದ ಅಪ್ಪ. ಅತ್ತೆ ಬಲೆ ಹಿಂಡುತ್ತಾ ಕೂತಳು. ಅವಳ ಮುಖ ನೋಡಲಾಗದೆ ನಾನು ಒಳಗೆ ಓಡಿ ಅಜ್ಜಿಗೆ ಎಲ್ಲ ಹೇಳಿದೆ. ಗಾಯದ ಮಾತು ಬಂದದ್ದೇ ಅಜ್ಜಿ ಹಣೆ ಚಚ್ಚಿಕೊಂಡಳು. "ಅಯ್ಯೋ, ಅದು ನಮ್ ಬಾವೀದು ಕಣೇ! ಕೊಡ ತಗಲಿ ಆದ ಗಾಯ ಅದು!"

ಹುಳಹುಪ್ಪಟೆ ತಿಂದು ನೀರು ತಿಳಿಯಾಗಿಡಲಿ ಎಂದು ಆಗ ಬಾವಿಗೊಂದು ಕೊರಮೀನು ಬಿಡುತ್ತಿದ್ದರು. ಹಿಂದಿನ ಬೇಸಿಗೆ ಬಾವಿಯ ಹೂಳೆತ್ತಿಸುವಾಗ ನಾವೇ ಅದನ್ನು ಕುಂಟೆಗೆ ಬಿಟ್ಟಿದ್ದೆವು. ಮಳೆ ಬಂದು ಕುಂಟೆ ತುಂಬಿದ ಮೇಲೆ ಕಾಣದಾದಾಗ, ಕೊಕ್ಕರೆ ಪಾಲಾಯಿತೆಂದು ಮರೆತಿದ್ದೆವು. ಕಳ್ಳನನ್ನು ನಾವೇ ಕರೆದು, ಕೂರಿಸಿ, ಎಲೆ ಹಾಕಿದ್ದೆವು.

ಅಜ್ಜಿ ಹಿತ್ತಾಳೆ ಕೊಡ, ತಿಪ್ಪೆಯಿಂದ ಕೆದಕಿದ ಎರೆಹುಳು ಹಿಡಿದು ಕುಂಟೆಗೆ ಬಂದಳು. ಬಾವಿಕಟ್ಟೆಯಲ್ಲಿ ದಿನಾ ಮಾಡುತ್ತಿದ್ದ ಹಾಗೆ ಕೊಡವನ್ನು ಕಲ್ಲಿಗೆ ತಟ್ಟಿ, ಹುಳು ಉದುರಿಸಿದಳು. "ಬಾರಪ್ಪ, ಬಾ." ಅತ್ತೆ ಬಿದಿರಿನ ಮಂಕರಿಯನ್ನು ನೀರಿನಲ್ಲಿ ಮುಳುಗಿಸಿಕೊಂಡು ಕಾದಳು. ಬಹಳ ಹೊತ್ತು ಏನೂ ಇಲ್ಲ. ಮತ್ತೆ ಠಣ್. ಬೇರಿನ ಕಡೆಯಿಂದ ಕಪ್ಪು ತಲೆ ನಿಧಾನವಾಗಿ ಬಂತು, ಅತ್ತೆ ಮಂಕರಿ ಎತ್ತಿದಳು.

"ಇವತ್ತು ಇದ್ರದ್ದೇ ಸಾರು!" ಎಂದಳು ಅತ್ತೆ, ಕಣ್ಣು ಕೆಂಪಗೆ.

"ಬೇಡ ಕಣೇ, ಮನೇಲಿ ಬೆಳೆದಿದ್ದು. ಬಾವಿಗೇ ಬಿಡು" ಎಂದಳು ಅಜ್ಜಿ.

ಅತ್ತೆ ಪಟಪಟ ಬಡಿಯುತ್ತಿದ್ದ ಮೀನನ್ನೇ ನೋಡುತ್ತಾ ನಿಂತಳು. ಆಮೇಲೆ, "ಹೋಗ್ಲಿ, ಇದೂ ನನ್ ಥರ ತವರಿಗೆ ವಾಪಸ್ ಬಂತು" ಎಂದು ನಕ್ಕುಬಿಟ್ಟಳು.

ಕುಂಟೆಯ ಮೇಲೆ ಈಗ ರಸ್ತೆ ಓಡುತ್ತದೆ. ಬಾವಿಗೆ ಚಪ್ಪಡಿ ಬಿದ್ದಿದೆ. ನಿಮ್ಮ ಹಿತ್ತಲಿನ ಬಾವಿಗೂ ಬಿದ್ದಿರಬಹುದು. ಅಜ್ಜಿಯೂ ಇಲ್ಲ, ಅತ್ತೆಯೂ ಇಲ್ಲ. ಆದರೆ ಆ ಸದ್ದಿನ ಹಿಂದೆಯೇ ಉಳಿದ ಗೆಂಡೆಗಳು ಬೆಳೆದು ಮೊದಲ ಸಲ ಸಾರಾದ ಮಧ್ಯಾಹ್ನವೂ ಬರುತ್ತದೆ. ಎಲ್ಲರಿಗೂ ಬಡಿಸಿ ಅತ್ತೆ ಕೊನೆಗೆ ಕೂತಳು. ಅಮ್ಮ ಕೇಳದೆಯೇ ಅವಳ ತಟ್ಟೆಗೆ ಎರಡನೇ ಮುದ್ದೆ ಇಟ್ಟಳು. ಅತ್ತೆ ಬೇಡ ಅನ್ನಲಿಲ್ಲ.

"ಸಾರು ಇನ್ನೊಂಚೂರು ಹಾಕಿ, ಅತ್ತಿಗೆ" ಎಂದಳು.