ಮೀನಿನ ಬಾನಿಗೆ ನಾನಿಟ್ಟ ಕೋಡಿ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯ ಒಂದು ಹಳ್ಳಿಗೆ ನಾನು ಸೊಸೆಯಾಗಿ ಬಂದಾಗ, ಆ ಕಡೆ ನಾಲೆಯ ನೀರು ಹರಿಯತೊಡಗಿ ಹೆಚ್ಚು ಕಾಲವಾಗಿರಲಿಲ್ಲ. ನೀರಿನ ಜೊತೆ ಸೊಳ್ಳೆಯೂ ಬಂತು, ಚಳಿಜ್ವರವೂ ಬಂತು. ಸೊಳ್ಳೆಮರಿಗಳನ್ನು ಮೀನು ತಿಂದುಹಾಕಲಿ ಎಂದು ನನ್ನ ಗಂಡ ನಾಲೆಯಿಂದ ಒಂದಷ್ಟು ಪುಟ್ಟ ಮೀನು ಹಿಡಿದು ತಂದು ಅಂಗಳದ ಕಲ್ಲುಬಾನಿಗೆ ಬಿಟ್ಟರು. ತಂದವರು ಅವರು, ಸಾಕಿದವಳು ನಾನು. ನನ್ನ ನೆರಳು ಬಿದ್ದರೆ ಸಾಕು, ಮೇಲೆದ್ದು ಬರುತ್ತಿದ್ದವು. ಹೊಸ ಮನೆಯಲ್ಲಿ ನನ್ನನ್ನು ಕಂಡು ಹಿಗ್ಗುತ್ತಿದ್ದವರು ಬೇರೆ ಯಾರೂ ಇರಲಿಲ್ಲ.

ಮಳೆಗಾಲ ಬಂತು ನೋಡಿ, ಹಂಚಿನ ನೀರೆಲ್ಲ ಬಾನಿಗೇ ಬಿತ್ತು. ಬಾನಿ ತುಂಬಿ ಸುತ್ತಲೂ ಚೆಲ್ಲಿ, ಪಡಸಾಲೆಗೆ ನುಗ್ಗಿ, ರಾಗಿ ಮೂಟೆ ನೆನೆಯಿತು.

"ಇನ್ನೊಂದ್ ಸಲ ರಾಗಿ ನೆನೀಲಿ, ನಿನ್ ಮೀನ್ಗೊಳ್ನ ಸಾರ್ಗೆ ಆಕ್ಬುಡ್ತೀನಿ ಕಣಮ್ಮಿ" ಅಂದರು ಅತ್ತೆ.

ಅವರು ತಮಾಷೆ ಮಾಡುವ ಪೈಕಿ ಅಲ್ಲ. ಬಾನಿ ಜರುಗಿಸೋಣವೆಂದರೆ ಅದು ಮನೆಗಿಂತ ಹಳೆಯದು, ನೆಲಕ್ಕೆ ಕಚ್ಚಿ ಕೂತಿತ್ತು. ನನಗೂ ಹಟ ಬಂತು. ಕೆರೆ ತುಂಬಿದರೆ ಹೆಚ್ಚಾದ ನೀರು ಕೋಡಿಯಲ್ಲಿ ಹೋಗುತ್ತದೆ, ಬಾನಿಗೂ ಒಂದು ಕೋಡಿ ಯಾಕಿರಬಾರದು? ಒರಳುಕಲ್ಲು ಕುಟ್ಟಲು ಬಂದ ಕಲ್ಲುಕುಟಿಗನಿಗೆ ಹೇಳಿ, ಮೋರಿಯ ಕಡೆಗಿನ ಮೂಲೆಯಲ್ಲಿ ಬಾನಿಯ ಅಂಚಿಗೆ ಒಂದು ಕಚ್ಚು ಹೊಡೆಸಿದೆ. ಅತ್ತೆ ಮಳವಳ್ಳಿಯ ತಂಗಿ ಮನೆಗೆ ಹೋಗಿದ್ದರು, ಇಲ್ಲದಿದ್ದರೆ ಆಗುತ್ತಿತ್ತೇ!

ಮುಂದಿನ ಮಳೆಗೆ ನೀರು ಆ ಕಚ್ಚಿನಿಂದ ನೇರವಾಗಿ ಮೋರಿಗೆ ಬಿತ್ತು. ಬೀಗಿಕೊಂಡು ನಿಂತಿದ್ದೆ. ನೋಡುತ್ತೇನೆ, ನೀರಿನ ಜೊತೆ ಮೀನೂ ಹೊರಟಿವೆ. ಕೆರೆ ಕೋಡಿ ಬಿದ್ದಾಗ ಜನ ಅಲ್ಲೇ ಬಟ್ಟೆ ಒಡ್ಡಿ ಮೀನು ಹಿಡಿಯುವುದನ್ನು ಹುಟ್ಟಿದಾಗಿನಿಂದ ಕಂಡವಳು ನಾನು. ಆ ಬುದ್ಧಿ ಎಲ್ಲಿ ಹೋಗಿತ್ತೋ. ಸೆರಗು ಒಡ್ಡಿ ಸಿಕ್ಕಷ್ಟನ್ನು ಉಳಿಸಿಕೊಂಡೆ, ಹೋದವಕ್ಕಾಗಿ ಕಣ್ಣೀರಿಟ್ಟೆ. ಮಾರನೆಯ ದಿನ ಕಚ್ಚಿಗೆ ತೆಳು ಬಟ್ಟೆ ಕಟ್ಟಿದೆ. ಮತ್ತೆ ಮಳೆ ಬಂದಾಗ ಅಂಗಳದ ಬೇವಿನ ಮರದ ಎಲೆ ಮೆತ್ತಿಕೊಂಡು ಆ ಬಟ್ಟೆ ಮುಚ್ಚಿಹೋಯಿತು. ಪಡಸಾಲೆಯ ಹೊಸ್ತಿಲವರೆಗೆ ನೀರು ಬಂದು, ನನ್ನ ಪುಣ್ಯಕ್ಕೆ ಮಳೆ ನಿಂತಿತು. ಅಷ್ಟರಲ್ಲಿ ಅತ್ತೆಯೂ ವಾಪಸು ಬಂದರು.

ದಾರಿ ಹೊಳೆದದ್ದು ಅಡುಗೆಮನೆಯಲ್ಲಿ. ಅನ್ನದ ಗಂಜಿ ಬಸಿಯುತ್ತಿದ್ದೆ. ಮಡಕೆಯ ಬಾಯಿಗೆ ಹಿಡಿದ ಬಿದಿರಿನ ಸಿಬ್ಬಲಿಗೆ ಅಗುಳು ಅಂಟಿಕೊಂಡರೂ, ಉಳಿದ ಸಂದುಗಳಿಂದ ಗಂಜಿ ಸುರಿಯುತ್ತಲೇ ಇತ್ತು. ಕೈಯಲ್ಲಿದ್ದ ಮಡಕೆ ಇಳಿಸಿ ಹಾಗೇ ಕೂತುಬಿಟ್ಟೆ. ಆಮೇಲೆ ಆ ಸಿಬ್ಬಲನ್ನೇ ಒಯ್ದು ಬಾನಿಯೊಳಗೆ, ಕಚ್ಚಿಗೆ ಗೇಣು ಮುಂದೆ, ಮೂಲೆಗೆ ಅಡ್ಡಲಾಗಿ ನಿಲ್ಲಿಸಿ ಕಲ್ಲು ಒತ್ತಿದೆ. ಮೇಲೆ ಎಲೆ ಮೆತ್ತಿದರೂ ಕೆಳಗಿನ ಸಂದಿನಿಂದ ನೀರು ಬರಬೇಕು. ಮೀನು ಈಚೆಗೆ ಬರಬಾರದು.

"ಅನ್ನ ಬಸಿಯೋ ಸಿಬ್ಲಲ್ಲಿ ಮೀನ್ ಬಸೀತೀಯೇನಮ್ಮಿ? ಆಗ್ಲಿ, ಮಳೆ ಬರ್ಲಿ" ಅಂದರು ಅತ್ತೆ.

ಮಳೆ ಬಂತು, ಸಂಜೆಯವರೆಗೂ ಹುಯ್ಯಿತು. ಬೇವಿನ ಎಲೆ ಸಿಬ್ಬಲಿಗೆ ದಪ್ಪವಾಗಿ ಮೆತ್ತಿತು. ಆದರೆ ಕಚ್ಚಿನಿಂದ ನೀರು ಒಂದೇ ಸಮನೆ ಮೋರಿಗೆ ಬೀಳುತ್ತಿತ್ತು, ಬರೀ ನೀರು. ಮೀನೆಲ್ಲ ಒಳಗೇ ಇದ್ದವು. ಪಡಸಾಲೆ ಒಣಗಿಯೇ ಇತ್ತು.

ಅತ್ತೆ ಒಳಗೆ ಹೋಗಿ ತಟ್ಟೆಯಲ್ಲಿ ಅರಿಸಿನ, ಕುಂಕುಮ, ತೆಂಗಿನಕಾಯಿ ತಂದರು. "ಕೋಡಿ ಬಿದ್ಮೇಲೆ ಪೂಜೆ ಮಾಡ್ದೆ ಇರಕಾಯ್ತದಾ?"

ನಮ್ಮೂರ ಕೆರೆ ಕೋಡಿ ಬಿದ್ದರೆ ಕಾಯಿ ಒಡೆಯುವವರು ಊರಿಗೆ ಹಿರಿಯರಾದ ನನ್ನ ಮಾವ. ಹೆಂಗಸರು ಹಿಂದೆ ನಿಲ್ಲುವುದು. ಮಾವ ಅಭ್ಯಾಸಬಲದಿಂದ ಕಾಯಿಗೆ ಕೈ ನೀಡಿದರು. ಅತ್ತೆ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು.

"ನೀವ್ ಸುಮ್ಕಿರಿ. ಕೋಡಿ ಇಟ್ಟೋಳು ಅವ್ಳು, ಅವ್ಳೇ ಒಡೀಲಿ."

ಅಲ್ಲಿಯವರೆಗೆ ನಾನು ದೇವರ ಮುಂದೆ ಕಾಯಿ ಒಡೆದವಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲ್ಲರ ಮುಂದೆ ನಿಂತು, ಬಾನಿಯ ಅಂಚಿಗೆ ಕುಟ್ಟಿದೆ. ಒಂದೇ ಏಟಿಗೆ ಒಡೆಯಿತು.